ವಿಂಡೋಸ್‌ನ ‘ಯೆಸ್ಸಾ ನೋನಾ’ ಬಾಕ್ಸು: ಆಫ್ ಮಾಡ್ದೇನೇ ಅದರ ಕಾಟ ಕಮ್ಮಿ ಮಾಡ್ಕೊಳ್ಳೋದು ಹೇಗೆ

ನಮ್ಮಪ್ಪ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸ್ತಾರೆ. ವಾರೆಯಾಗಿ ತೆಗ್ದಿರೋ ಮಾನಿಟರ್ ಫೋಟೋ, ಅದರ ಮೇಲೆ ಟ್ಯೂಬ್‌ಲೈಟ್ ಬೆಳಕು, ಸುತ್ತ ಎಲ್ಲಾ ಮಬ್ಬಾಗಿ ಮಧ್ಯದಲ್ಲೊಂದು ‘ಈ ಪ್ರೋಗ್ರಾಮಿಗೆ ಕಂಪ್ಯೂಟರಲ್ಲಿ ಬದಲಾವಣೆ ಮಾಡೋಕೆ ಬಿಡ್ಲಾ’ ಅಂತ ಕೇಳೋ ಬಾಕ್ಸು, ಕೆಳಗೆ ಒಂದೇ ಸಾಲು ಮೆಸೇಜು, “ಯೆಸ್ ಒತ್ಲೇನೋ?” ಸ್ಕ್ರೀನ್‌ಶಾಟ್ ತೆಗ್ದು ಕಳ್ಸೋಕೆ ಏನು ಕಷ್ಟ ಅಂತ ಮೊದಮೊದ್ಲು ರೇಗ್ತಿದ್ದೆ, ಆಮೇಲೆ ನಾನೇ ಟ್ರೈ ಮಾಡ್ದಾಗ ಗೊತ್ತಾಯ್ತು ಆ ಬಾಕ್ಸು ಮುಂದೆ ಇರೋವಾಗ ಪ್ರಿಂಟ್‌ಸ್ಕ್ರೀನ್ ಕೀ ಕೆಲ್ಸಾನೇ ಮಾಡಲ್ಲ, ಫೋನಲ್ಲಿ ಫೋಟೋ ಹೊಡೆಯೋದೇ ದಾರಿ. ಅದ್ಯಾಕೆ ಹಾಗೆ ಅನ್ನೋದು ಮುಂದೆ ಬರತ್ತೆ.

ನಮ್ಮ ಮನೆಕಡೆ, ನೆಂಟರ ಕಡೆ ಎಲ್ಲರ ಕಂಪ್ಯೂಟರ್ ನೋಡ್ಕೊಳ್ಳೋದು ನಾನೇ, ಹಾಗಾಗಿ ಎರಡೂ ತರದ ಜನಾನ ನೋಡಿದೀನಿ. ಒಂದು, ಏನೇ ಬಂದ್ರೂ ಕಣ್ಣು ಮುಚ್ಕೊಂಡು ಯೆಸ್ ಒತ್ತೋರು. ಇನ್ನೊಂದು, ಕಾಟ ತಡೀಲಾರದೆ ಸೆಟ್ಟಿಂಗಿಗೆ ಹೋಗಿ ಪೂರ್ತಿ ಆಫ್ ಮಾಡಿಟ್ಟಿರೋರು, ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ. ಇಬ್ಬರದ್ದೂ ರೋಗ ಒಂದೇ, ಬಾಕ್ಸು ಜಾಸ್ತಿ ಬರ್ತಿದೆ. ದಿನಕ್ಕೆ ಹತ್ತು ಸಲ ಬಂದ್ರೆ ಯಾರೂ ಓದಲ್ಲ, ತಿಂಗಳಿಗೆ ಎರಡು ಸಲ ಬಂದ್ರೆ ಎಂಥವರಾದ್ರೂ ಓದ್ತಾರೆ. ಅದಕ್ಕೇ ಇಲ್ಲಿ ಹೇಳ್ತಿರೋದು ಬಾಕ್ಸು ಬರೋ ಕಾರಣ ಹುಡುಕಿ ಕಮ್ಮಿ ಮಾಡೋದು, ಉಳಿದಿದ್ದನ್ನ ಓದಿ ಒತ್ತೋದು. ವಿಂಡೋಸ್ 10, 11 ಎರಡಕ್ಕೂ ಇದು ಹೊಂದತ್ತೆ, ಮೆನು ಹೆಸರು ಅಲ್ಲಲ್ಲಿ ಸ್ವಲ್ಪ ಬೇರೆ ಇರತ್ತೆ ಅಷ್ಟೆ. (10 ಇಟ್ಕೊಂಡಿರೋರಿಗೆ ಒಂದು ಮಾತು, ಅದರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗ್ದಿದೆ.)

ಈ ಬಾಕ್ಸು ಬರೋದ್ಯಾಕೆ

ಇದರ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್, ಎಲ್ಲರೂ ಯುಎಸಿ ಅಂತಾರೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆ ಕಂಪ್ಯೂಟರಲ್ಲಿ ಸಾಮಾನ್ಯವಾಗಿ ಎಲ್ಲರೂ ಅಡ್ಮಿನ್ನೇ (ಅಡ್ಮಿನಿಸ್ಟ್ರೇಟರ್, ಅಂದ್ರೆ ಕಂಪ್ಯೂಟರಲ್ಲಿ ಏನು ಬೇಕಾದ್ರೂ ಬದಲಾಯಿಸೋ ಅಧಿಕಾರ ಇರೋರು), ನೀವು ಓಪನ್ ಮಾಡಿದ ಯಾವ ಪ್ರೋಗ್ರಾಮ್‌ಗಾದ್ರೂ ಇಡೀ ಮನೆ ಬೀಗದ ಗೊಂಚಲು ಕೈಗೆ ಕೊಟ್ಟ ಹಾಗಾಗ್ತಿತ್ತು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಇದನ್ನ ನಿಲ್ಲಿಸಿದ್ರು. ವಿಸ್ಟಾದಲ್ಲಿ ಈ ಬಾಕ್ಸು ಎಷ್ಟು ಬರ್ತಿತ್ತು ಅಂದ್ರೆ ಜನ ಶಾಪ ಹಾಕಿದ್ರು, ಆಮೇಲೆ 2009ರ ವಿಂಡೋಸ್ 7ರಲ್ಲಿ ಕಮ್ಮಿ ಮಾಡಿ ನಾಲ್ಕು ಹಂತದ ಸ್ಲೈಡರ್ ಕೊಟ್ರು, ಅದೇ ಇವತ್ತಿಗೂ ಇದೆ.

ಒಳಗೆ ನಡೆಯೋದು ಇಷ್ಟು: ನೀವು ಅಡ್ಮಿನ್ ಆಗಿ ಲಾಗಿನ್ ಆದ್ರೂ ವಿಂಡೋಸ್ ನಿಮಗೆ ಎರಡು ಟೋಕನ್ (ಅಧಿಕಾರದ ಚೀಟಿ ಅಂದ್ಕೊಳ್ಳಿ) ಮಾಡಿಡತ್ತೆ, ಒಂದು ಮಾಮೂಲಿ ಯೂಸರ್‌ದು, ಇನ್ನೊಂದು ಪೂರ್ತಿ ಅಧಿಕಾರದ್ದು. ದಿನದ ಕೆಲಸ ಎಲ್ಲಾ ಮೊದಲನೇದರಲ್ಲೇ ನಡೆಯತ್ತೆ. ಯಾವ್ದಾದ್ರೂ ಪ್ರೋಗ್ರಾಮು ಎರಡನೇದು ಬೇಕು ಅಂದಾಗ (ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿಗೆ ಬರೆಯೋದು, ಪ್ರಿಂಟರ್ ತರದ್ದನ್ನ ನಡೆಸೋ ಡ್ರೈವರ್ ಹಾಕೋದು, ಎಲ್ಲಾ ಯೂಸರ್‌ಗೂ ತಾಗೋ ಸೆಟ್ಟಿಂಗ್ ಬದಲಾಯಿಸೋದು, ಇಂಥವಕ್ಕೆ) ಆಗ ಕೇಳತ್ತೆ. ಬಟನ್ ಪಕ್ಕ ನೀಲಿ ಹಳದಿ ಗುರಾಣಿ ಚಿತ್ರ ಇದ್ರೆ ಅದನ್ನ ಒತ್ತಿದಾಗ ಈ ಬಾಕ್ಸು ಬರಬಹುದು ಅಂತ ಮೊದ್ಲೇ ಗೊತ್ತಿರ್ಲಿ.

ಸ್ಕ್ರೀನ್ ಮಬ್ಬಾಗೋದು ಬರೀ ಶೋಕಿಗಲ್ಲ. ಆ ಹೊತ್ತಲ್ಲಿ ವಿಂಡೋಸ್ ನಿಮ್ಮ ಡೆಸ್ಕ್‌ಟಾಪನ್ನ ಪಕ್ಕಕ್ಕಿಟ್ಟು ಸೆಕ್ಯೂರ್ ಡೆಸ್ಕ್‌ಟಾಪ್ ಅಂತ ಬೇರೆಯೇ ಒಂದು ಜಾಗಕ್ಕೆ ಹೋಗಿರತ್ತೆ, ಹಿಂದೆ ಮಬ್ಬಾಗಿ ಕಾಣೋದು ನಿಮ್ಮ ಡೆಸ್ಕ್‌ಟಾಪಿನ ಒಂದು ಚಿತ್ರ ಮಾತ್ರ. ನಿಮ್ಮ ಮಾಮೂಲಿ ಪ್ರೋಗ್ರಾಮುಗಳಿಗೆ ಅಲ್ಲಿ ಪ್ರವೇಶ ಇಲ್ಲ, ಅಂದ್ರೆ ಯಾವ್ದೋ ವೈರಸ್ಸು ತಾನೇ ಮೌಸ್ ಓಡಿಸಿ ನಿಮ್ಮ ಪರವಾಗಿ ಯೆಸ್ ಒತ್ತಕ್ಕಾಗಲ್ಲ. ಸ್ಕ್ರೀನ್‌ಶಾಟ್ ಬರ್ದೇ ಇರೋದೂ ಅದಕ್ಕೇನೆ.

ಬಾಕ್ಸು ಬಂದಾಗ ಏನು ನೋಡ್ಬೇಕು

ಮೊದಲನೇ ಪ್ರಶ್ನೆ ನಿಮಗೆ ನೀವೇ ಕೇಳ್ಕೊಳ್ಳೋದು, “ಇದನ್ನ ಈಗ ಕರೆದಿದ್ದು ನಾನೇನಾ?” ಈಗಷ್ಟೇ ಇನ್‌ಸ್ಟಾಲರ್ ಡಬಲ್ ಕ್ಲಿಕ್ ಮಾಡಿದ್ರಿ, ಅಥವಾ ಜಿಎಸ್‌ಟಿ ಫೈಲ್ ಮಾಡೋಕೆ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರೋ ಯುಎಸ್‌ಬಿ ಕಡ್ಡಿ) ಚುಚ್ಚಿ ಅದರ ಡ್ರೈವರ್ ಹಾಕ್ತಿದ್ದೀರ, ಬಾಕ್ಸು ಬಂತು, ಸರಿ, ನೀವೇ ಕರೆದಿದ್ದು. ಸುಮ್ನೆ ಯೂಟ್ಯೂಬ್ ನೋಡ್ತಾ ಕೂತಿದ್ರಿ, ಕಾಫಿ ತರೋಕೆ ಎದ್ದು ಹೋಗಿ ಬಂದ್ರಿ, ಬಾಕ್ಸು ನಿಂತಿದೆ, ಕರೆದಿಲ್ಲ. ಕರೀದೇ ಬಂದಿದ್ದಕ್ಕೆ ನೋ. ನೋ ಒತ್ತಿದ್ರೆ ಕಂಪ್ಯೂಟರ್ ಕೆಟ್ಟು ಹೋಗತ್ತೆ ಅನ್ನೋ ಭಯ ತುಂಬಾ ಜನಕ್ಕಿದೆ, ಏನೂ ಆಗಲ್ಲ, ಆ ಕೆಲಸ ಆಗಲ್ಲ ಅಷ್ಟೆ, ನಿಜವಾಗ್ಲೂ ಬೇಕಾದ ಅಪ್‌ಡೇಟ್ ಆಗಿದ್ರೆ ಅದು ಇನ್ನೊಂದು ಸಲ ಕೇಳತ್ತೆ. ಕೀಬೋರ್ಡಲ್ಲಿ ಎಸ್ಕೇಪ್ ಒತ್ತಿದ್ರೂ ನೋ ಅಂತಾನೇ ಲೆಕ್ಕ.

ಆಮೇಲೆ ಬಣ್ಣ. ಮೇಲಿನ ಪಟ್ಟಿ ನೀಲಿ ಇದ್ರೆ ಪ್ರೋಗ್ರಾಮಿಗೆ ಡಿಜಿಟಲ್ ಸಹಿ ಇದೆ, ವೆರಿಫೈಡ್ ಪಬ್ಲಿಷರ್ ಅಂತ ಕಂಪನಿ ಹೆಸರು ಬರತ್ತೆ. ಹಳದಿ ಇದ್ರೆ ಪಬ್ಲಿಷರ್ ಅನ್‌ನೋನ್, ಸಹಿ ಇಲ್ಲ. ಕೆಂಪು ಇದ್ರೆ ವಿಂಡೋಸೇ ಬ್ಲಾಕ್ ಮಾಡಿದೆ, ಅದನ್ನ ಸುತ್ತಿ ಬಳಸಿ ಓಡಿಸೋಕೆ ಹೋಗ್ಬೇಡಿ. ಹಳದಿ ಅಂದ ತಕ್ಷಣ ಕಳ್ಳ ಅಂತಲ್ಲ, ಸಹಿ ಸರ್ಟಿಫಿಕೇಟಿಗೆ ವರ್ಷ ವರ್ಷ ದುಡ್ಡು ಕಟ್ಬೇಕು, ಒಬ್ಬಿಬ್ಬರೇ ಸೇರಿ ಫ್ರೀ ಆಗಿ ಮಾಡಿರೋ ಸಾಫ್ಟ್‌ವೇರಲ್ಲಿ ಎಷ್ಟೋ ಸಲ ಅದು ಇರಲ್ಲ. ಹಾಗೇ ನೀಲಿ ಅಂದ ತಕ್ಷಣ ಸಾಚಾ ಅಂತಾನೂ ಅಲ್ಲ. ಸಹಿ ಹೇಳೋದು ಯಾರು ಮಾಡಿದ್ದು ಅಂತ, ಒಳ್ಳೇದಾ ಕೆಟ್ಟದ್ದಾ ಅಂತ ಅಲ್ಲ.

ಇಲ್ಲೊಂದು ಜಾಗದಲ್ಲಿ ಗೊತ್ತಿರೋರೂ ಎಡವ್ತಾರೆ. ಬಾಕ್ಸು ನೀಲಿ, ಹೆಸರು ವಿಂಡೋಸ್ ಕಮಾಂಡ್ ಪ್ರೊಸೆಸರ್ ಅಂತಲೋ ವಿಂಡೋಸ್ ಪವರ್‌ಶೆಲ್ ಅಂತಲೋ ಇದೆ, ಪಬ್ಲಿಷರ್ ಮೈಕ್ರೋಸಾಫ್ಟ್ ವಿಂಡೋಸ್. ನೋಡಿದ್ರೆ ವಿಂಡೋಸೇ ಕೇಳ್ತಿದೆ ಅನ್ಸತ್ತೆ. ಆದ್ರೆ ಇವೆರಡೂ ಬರೀ ಗಾಡಿ ಇದ್ದ ಹಾಗೆ, ಒಳಗೆ ಕೂತು ಓಡಿಸ್ತಿರೋದು ಬೇರೆ ಯಾರೋ ಬರೆದ ಸ್ಕ್ರಿಪ್ಟು. ಆಗ ‘ಶೋ ಮೋರ್ ಡೀಟೇಲ್ಸ್’ ಒತ್ತಿ, ಪ್ರೋಗ್ರಾಮ್ ಲೊಕೇಶನ್ ಅಂತ ಒಂದು ಸಾಲು ಬಿಚ್ಕೊಳ್ಳತ್ತೆ, ಅದರಲ್ಲಿ ಪೂರ್ತಿ ಕಮಾಂಡ್ ಕಾಣತ್ತೆ. ಅರ್ಥ ಆಗ್ದೇ ಇದ್ರೂ ಪರ್ವಾಗಿಲ್ಲ, ಅಲ್ಲಿ ಟೆಂಪ್ ಅನ್ನೋ ಫೋಲ್ಡರ್ ಹೆಸರೋ, ವೆಬ್‌ಸೈಟ್ ಅಡ್ರೆಸ್ಸೋ, ತಲೆಬುಡ ಇಲ್ಲದ ಉದ್ದನೆ ಅಕ್ಷರದ ಮಾಲೆಯೋ ಕಂಡ್ರೆ ನೋ ಒತ್ತಿ ಮುಂದಕ್ಕೆ ಹೋಗಿ. ಈ ಡೀಟೇಲ್ಸ್ ಬಿಚ್ಚೋ ಅಭ್ಯಾಸ ಒಂದನ್ನ ಮನೇಲಿ ಎಲ್ಲರಿಗೂ ಹಿಡಿಸಿದೀನಿ, ಅಮ್ಮ ಈಗ ನನಗಿಂತ ಚೆನ್ನಾಗಿ ನೋಡ್ತಾರೆ.

ಒಂದೊಂದ್ಸಲ ಸ್ಕ್ರೀನ್ ಮಬ್ಬಾಗ್ದೆ ಕೆಳಗೆ ಟಾಸ್ಕ್‌ಬಾರಲ್ಲಿ ಗುರಾಣಿ ಚಿತ್ರ ಮಿನುಗ್ತಾ ಇರತ್ತೆ. ಹಿಂದುಗಡೆ ಓಡ್ತಿರೋ ಯಾವ್ದೋ ಪ್ರೋಗ್ರಾಮು ಪರ್ಮಿಷನ್ ಕೇಳ್ತಿದೆ ಅಂತ ಅರ್ಥ. ಅವಸರ ಇಲ್ಲ, ಅದೇನಂತ ನೋಡಿ ಆಮೇಲೆ ತೀರ್ಮಾನ ಮಾಡಿ.

ಸ್ಲೈಡರ್ ಎಲ್ಲಿಡೋದು

ಸ್ಟಾರ್ಟ್ ಒತ್ತಿ ಇಂಗ್ಲಿಷಲ್ಲಿ ಯು, ಎ, ಸಿ ಮೂರಕ್ಷರ ಟೈಪ್ ಮಾಡಿ, ‘ಚೇಂಜ್ ಯೂಸರ್ ಅಕೌಂಟ್ ಕಂಟ್ರೋಲ್ ಸೆಟ್ಟಿಂಗ್ಸ್’ ಅಂತ ಬರತ್ತೆ, ಓಪನ್ ಮಾಡಿದ್ರೆ ಉದ್ದಕ್ಕೆ ನಿಂತಿರೋ ಸ್ಲೈಡರ್ ಕಾಣತ್ತೆ.

ತುದೀಲಿರೋದು ಆಲ್ವೇಸ್ ನೋಟಿಫೈ, ಪ್ರೋಗ್ರಾಮ್ ಬದಲಾಯಿಸಿದ್ರೂ ಕೇಳತ್ತೆ, ವಿಂಡೋಸ್ ಸೆಟ್ಟಿಂಗ್ ನೀವೇ ಬದಲಾಯಿಸಿದ್ರೂ ಕೇಳತ್ತೆ. ಎರಡನೇದು ಡಿಫಾಲ್ಟು, ಬೇರೆ ಪ್ರೋಗ್ರಾಮಿಗೆ ಮಾತ್ರ ಕೇಳತ್ತೆ, ನೀವು ವಿಂಡೋಸ್ ಸೆಟ್ಟಿಂಗ್ ಬದಲಾಯಿಸಿದ್ರೆ ಸುಮ್ನಿರತ್ತೆ. ಮೂರನೇದು ಅದೇ, ಆದ್ರೆ ಸ್ಕ್ರೀನ್ ಮಬ್ಬಾಗಲ್ಲ. ಕೊನೇದು ನೆವರ್ ನೋಟಿಫೈ.

ಮೂರನೇದನ್ನ ಯಾರಿಗೂ ಹೇಳಲ್ಲ. ಮಬ್ಬಾಗಲ್ಲ ಅಂದ್ರೆ ಸೆಕ್ಯೂರ್ ಡೆಸ್ಕ್‌ಟಾಪ್ ಇಲ್ಲ, ಬೇರೆ ಪ್ರೋಗ್ರಾಮು ಆ ಬಾಕ್ಸಿನ ಜೊತೆ ಆಟ ಆಡೋ ಸಾಧ್ಯತೆ ತೆರ್ದಿಟ್ಟ ಹಾಗೆ. ತೀರಾ ಹಳೇ ಕಂಪ್ಯೂಟರಲ್ಲಿ ಮಬ್ಬಾಗೋಕೇ ಐದಾರು ಸೆಕೆಂಡ್ ತಗೊಳ್ತಿದ್ರೆ ಮಾತ್ರ ಯೋಚ್ನೆ ಮಾಡಬಹುದು. ನೆವರ್ ನೋಟಿಫೈ ಬಗ್ಗೆ ಹೇಳೋದೇ ಬೇಡ, ಅಡ್ಮಿನ್ ಅಕೌಂಟಲ್ಲಿ ಕೂತಿದ್ರೆ ಯಾವ ಪ್ರೋಗ್ರಾಮು ಪೂರ್ತಿ ಅಧಿಕಾರ ಕೇಳಿದ್ರೂ ಕೇಳಿದ ತಕ್ಷಣ ಸದ್ದಿಲ್ಲದೆ ಸಿಗತ್ತೆ.

ನನ್ನದು, ಅಪ್ಪ ಅಮ್ಮಂದು ಎಲ್ಲಾ ಆಲ್ವೇಸ್ ನೋಟಿಫೈನಲ್ಲಿದೆ. ಡಿಫಾಲ್ಟ್ ಹಂತದಲ್ಲಿ ವಿಂಡೋಸ್‌ನ ತನ್ನದೇ ಕೆಲವು ಪ್ರೋಗ್ರಾಮುಗಳು ಕೇಳ್ದೇನೇ ಪೂರ್ತಿ ಅಧಿಕಾರ ತಗೋತವೆ, ಆ ಸಂದೀಲಿ ನುಸುಳೋ ಮಾಲ್‌ವೇರ್‌ಗಳಿದಾವೆ (ವೈರಸ್ ತರದ ಕೆಟ್ಟ ಪ್ರೋಗ್ರಾಮುಗಳು), ತುದಿಗೆ ಏರಿಸಿದ್ರೆ ಅಂಥ ಸಂದಿ ಸುಮಾರಾಗಿ ಮುಚ್ಚತ್ತೆ. ಇನ್ನೊಂದು ಮಾತು, ಯುಎಸಿ ಅನ್ನೋದು ಸೆಕ್ಯೂರಿಟಿ ಗೋಡೆ ಅಲ್ಲ ಅಂತ ಮೈಕ್ರೋಸಾಫ್ಟೇ ಹೇಳತ್ತೆ. ಬಾಗಿಲಿಗೆ ಚಿಲಕ ಅಂದ್ಕೊಳ್ಳಿ, ಗೋಡೆ ಬೇಕು ಅಂದ್ರೆ ಮುಂದಿಂದು ಮಾಡಿ.

ಅಡ್ಮಿನ್ ಬೇರೆ, ದಿನಬಳಕೆ ಬೇರೆ

ಇಡೀ ಬರಹದಲ್ಲಿ ಒಂದೇ ಕೆಲಸ ಮಾಡ್ತೀನಿ ಅನ್ನೋರು ಇದನ್ನ ಮಾಡಿ. ಕಂಪ್ಯೂಟರಲ್ಲಿ ಎರಡು ಅಕೌಂಟ್ ಇರ್ಬೇಕು, ಅಡ್ಮಿನ್‌ದು ಒಂದು, ದಿನಾ ಕೂರೋದು ಸ್ಟ್ಯಾಂಡರ್ಡ್, ಅಂದ್ರೆ ಪೂರ್ತಿ ಅಧಿಕಾರ ಇಲ್ಲದ್ದು. ಆಗ ಬಾಕ್ಸು ಯೆಸ್ ನೋ ಕೇಳಲ್ಲ, ಅಡ್ಮಿನ್ ಪಾಸ್‌ವರ್ಡ್ ಅಥವಾ ಪಿನ್ ಕೇಳತ್ತೆ. ಬೆರಳು ತಾನಾಗೇ ಯೆಸ್ ಮೇಲೆ ಹೋಗ್ತಿದ್ದ ಅಭ್ಯಾಸ ಅಲ್ಲೇ ನಿಲ್ಲತ್ತೆ, ಪಾಸ್‌ವರ್ಡ್ ಹೊಡೆಯೋಕೆ ಕೈ ಇಟ್ಟಾಗ ಯಾರಾದ್ರೂ ಒಂದು ಕ್ಷಣ ಯೋಚ್ನೆ ಮಾಡ್ತಾರೆ. ಮಕ್ಕಳಿರೋ ಮನೇಲಂತೂ ಇದು ಬೇಕೇ ಬೇಕು.

ಮಾಡೋ ಕ್ರಮ ಮುಖ್ಯ, ಉಲ್ಟಾ ಮಾಡಿ ಸಿಕ್ಕಾಕ್ಕೋಬೇಡಿ.

1. ಸೆಟ್ಟಿಂಗ್ಸ್, ಅಕೌಂಟ್ಸ್, ಅದರಲ್ಲಿ ಅದರ್ ಯೂಸರ್ಸ್ (10ರಲ್ಲಿ ಫ್ಯಾಮಿಲಿ ಆಂಡ್ ಅದರ್ ಯೂಸರ್ಸ್) ಓಪನ್ ಮಾಡಿ ಆಡ್ ಅಕೌಂಟ್ ಒತ್ತಿ. ಇಮೇಲ್ ಕೇಳತ್ತೆ, ಕೊಡ್ಬೇಡಿ, ಕೆಳಗೆ ‘ಐ ಡೋಂಟ್ ಹ್ಯಾವ್ ದಿಸ್ ಪರ್ಸನ್ಸ್ ಸೈನ್ ಇನ್ ಇನ್ಫರ್ಮೇಷನ್’ ಅಂತ ಇರತ್ತೆ, ಅದನ್ನ ಒತ್ತಿ, ಮುಂದಿನ ಸ್ಕ್ರೀನಲ್ಲಿ ‘ಆಡ್ ಎ ಯೂಸರ್ ವಿದೌಟ್ ಎ ಮೈಕ್ರೋಸಾಫ್ಟ್ ಅಕೌಂಟ್’. ಹೆಸರು ಯಜಮಾನ ಅಂತಾನೋ ಏನೋ ಇಡಿ, ಪಾಸ್‌ವರ್ಡ್ ಹಾಕಿ, ಮೂರು ಸೆಕ್ಯೂರಿಟಿ ಪ್ರಶ್ನೆಗೂ ಉತ್ತರ ಕೊಡಿ.

2. ಹೊಸ ಅಕೌಂಟ್ ಮೇಲೆ ಕ್ಲಿಕ್ ಮಾಡಿ ಚೇಂಜ್ ಅಕೌಂಟ್ ಟೈಪ್, ಅಡ್ಮಿನಿಸ್ಟ್ರೇಟರ್.

3. ಈಗ ಸೈನ್ ಔಟ್ ಆಗಿ ಆ ಹೊಸದಕ್ಕೆ ಒಂದ್ಸಲ ಲಾಗಿನ್ ಆಗಿ. ಪಾಸ್‌ವರ್ಡ್ ನಿಜವಾಗ್ಲೂ ಕೆಲ್ಸ ಮಾಡ್ತಿದೆಯಾ ನೋಡ್ಕೊಳ್ಳಿ. ಈ ಹೆಜ್ಜೆ ಹಾರಿಸ್ಬೇಡಿ.

4. ಹೊಸ ಅಕೌಂಟಲ್ಲಿ ಕೂತ್ಕೊಂಡೇ ನಿಮ್ಮ ಹಳೇ ಅಕೌಂಟನ್ನ ಅದೇ ಚೇಂಜ್ ಅಕೌಂಟ್ ಟೈಪಲ್ಲಿ ಸ್ಟ್ಯಾಂಡರ್ಡ್ ಯೂಸರ್ ಮಾಡಿ. ನಿಮ್ಮ ಫೈಲು, ಫೋಟೋ, ವಾಲ್‌ಪೇಪರ್ ಯಾವುದೂ ಅಲ್ಲಾಡಲ್ಲ, ಅಧಿಕಾರ ಮಾತ್ರ ಇಳಿಯತ್ತೆ.

ಪಾಸ್‌ವರ್ಡ್ ಒಂದು ಚೀಟೀಲಿ ಬರ್ದು ಬೀರುವಲ್ಲಿ ಮನೆ ಪತ್ರದ ಜೊತೆ ಇಡಿ. ಮಾನಿಟರ್‌ಗೆ ಅಂಟಿಸ್ಬೇಡಿ, ಅಕ್ಕನ ಮನೇಲಿ ಅಂಟಿಸಿದ್ರು, ಎಂಟನೇ ಕ್ಲಾಸಿನ ಮಗ ಎರಡೇ ದಿನಕ್ಕೆ ಮೂರು ಗೇಮ್ ಹಾಕ್ಕೊಂಡಿದ್ದ.

ಒಂದು ಎಡವಟ್ಟು ಬರತ್ತೆ, ಮೊದ್ಲೇ ಹೇಳಿಡ್ತೀನಿ. ಸ್ಟ್ಯಾಂಡರ್ಡ್ ಅಕೌಂಟಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಇನ್‌ಸ್ಟಾಲರ್ ಓಡಿಸಿದ್ರೆ ಅದು ಆ ಅಡ್ಮಿನ್ ಹೆಸರಲ್ಲೇ ಓಡತ್ತೆ, ಕೆಲವು ಸಾಫ್ಟ್‌ವೇರ್ ತನ್ನ ಶಾರ್ಟ್‌ಕಟ್, ಸೆಟ್ಟಿಂಗ್ ಎಲ್ಲಾ ಅಡ್ಮಿನ್ ಡೆಸ್ಕ್‌ಟಾಪಲ್ಲಿ ಹಾಕಿ ಕೂರತ್ತೆ, ನೀವು ಇಲ್ಲಿ ಹುಡುಕಿದ್ರೆ ಏನೂ ಇರಲ್ಲ. ಇನ್‌ಸ್ಟಾಲರ್ ‘ಎಲ್ಲಾ ಯೂಸರ್‌ಗೂ’ ಅಂತ ಆಯ್ಕೆ ಕೊಟ್ರೆ ಅದನ್ನ ಆರಿಸಿ. ಅಥವಾ ಅಡ್ಮಿನ್ನೇ ಕೇಳದೆ ನಿಮ್ಮ ಯೂಸರ್ ಫೋಲ್ಡರಲ್ಲೇ ಕೂರೋ ಇನ್‌ಸ್ಟಾಲರ್ ಕೂಡ ಇರತ್ತೆ, ವಿಎಸ್ ಕೋಡ್‌ಗೆ (ಪ್ರೋಗ್ರಾಮ್ ಬರೆಯೋರು ಉಪಯೋಗಿಸೋ ಸಾಫ್ಟ್‌ವೇರ್) ಯೂಸರ್ ಇನ್‌ಸ್ಟಾಲರ್ ಅಂತಾನೇ ಬೇರೆ ಇದೆ, ಕ್ರೋಮ್‌ಗೆ ಪರ್ಮಿಷನ್ ಕೊಡ್ಲಿಲ್ಲ ಅಂದ್ರೂ ಬರೀ ನಿಮ್ಮ ಅಕೌಂಟಿಗೆ ಹಾಕ್ಕೊಳ್ಳೋಕಾಗತ್ತೆ.

ದಿನಾ ಬರೋ ಬಾಕ್ಸನ್ನ ನಿಲ್ಲಿಸೋದು

ಒಂದೇ ಪ್ರೋಗ್ರಾಮು ದಿನಾ ಕೇಳ್ತಿದೆ ಅಂದ್ರೆ ಮೊದ್ಲು ಅದರ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ನೋಡಿ. ‘ರನ್ ದಿಸ್ ಪ್ರೋಗ್ರಾಮ್ ಆಸ್ ಆನ್ ಅಡ್ಮಿನಿಸ್ಟ್ರೇಟರ್’ ಅಂತ ಟಿಕ್ ಇದೆಯಾ? ನಾನು ನೋಡಿದ ಕಂಪ್ಯೂಟರುಗಳಲ್ಲಿ ಎಷ್ಟೋ ಕಡೆ ಯಾರೋ ಯಾವತ್ತೋ ಏನೋ ಸರಿಹೋಗ್ಲಿ ಅಂತ ಹಾಕಿ ಮರ್ತಿರೋ ಟಿಕ್ಕೇ ಕಾರಣ. ತೆಗ್ದು ಓಡಿಸಿ ನೋಡಿ, ಸುಮಾರು ಸಲ ಅಲ್ಲಿಗೇ ಮುಗಿಯತ್ತೆ.

ಆದ್ರೆ ಈ ಟಿಕ್ ಹಾಕೋಕೂ ತೆಗೆಯೋಕೂ ಮುಂಚೆ ನಮ್ಮ ಸೋದರಮಾವನ ಕಥೆ ಕೇಳಿ. ಅವರದ್ದು ಹಾರ್ಡ್‌ವೇರ್ ಅಂಗಡಿ, ಬಿಲ್ ಹಾಕೋಕೆ ಯಾವ ಕಾಲದ್ದೋ ಒಂದು ಸಾಫ್ಟ್‌ವೇರು. ಒಂದಿನ ಪ್ರಿಂಟ್ ತೆಗೆಯೋವಾಗ ಏನೋ ಎರರ್ ಅಂದ್ರು, ನಾನು ಹೋದವನು ಜಾಣತನ ಮಾಡಿ ಆ ಅಡ್ಮಿನ್ ಟಿಕ್ ಹಾಕಿ ಬಂದೆ. ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗ್ದ ತಕ್ಷಣ ಫೋನು, “ಏನೋ ಮಾಡಿಟ್ಟು ಹೋದೆ, ಎರಡು ವರ್ಷದ ಬಿಲ್ಲು ಒಂದೂ ಇಲ್ಲ ಕಣೋ!” ನನಗೆ ಕೈಕಾಲು ತಣ್ಣಗಾಯ್ತು. ಬಿಲ್ಲು ಎಲ್ಲೂ ಹೋಗಿರ್ಲಿಲ್ಲ. ಆದದ್ದು ಏನಂದ್ರೆ, ಹಳೇ 32 ಬಿಟ್ ಪ್ರೋಗ್ರಾಮುಗಳು ತಮ್ಮ ಡೇಟಾನ ಪ್ರೋಗ್ರಾಮ್ ಫೈಲ್ಸ್ ಒಳಗೇ ಬರೆಯೋಕೆ ನೋಡ್ತವೆ, ಅಡ್ಮಿನ್ ಇಲ್ಲದೆ ಅಲ್ಲಿ ಬರೆಯಂಗಿಲ್ಲ, ಅದಕ್ಕೆ ವಿಂಡೋಸ್ ಅವನ್ನ ನಿರಾಸೆ ಮಾಡದೆ ಗುಟ್ಟಾಗಿ ಬೇರೆ ಕಡೆ ಬರೆಸತ್ತೆ: ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಆಪ್‌ಡೇಟಾ, ಲೋಕಲ್, ವರ್ಚುಯಲ್‌ಸ್ಟೋರ್. ಪ್ರೋಗ್ರಾಮಿಗೆ ತಾನು ಪ್ರೋಗ್ರಾಮ್ ಫೈಲ್ಸಲ್ಲೇ ಬರೆದೆ ಅನ್ನೋ ಭ್ರಮೆ. ಅಡ್ಮಿನ್ ಮಾಡಿದ ತಕ್ಷಣ ಈ ಕಣ್ಕಟ್ಟು ನಿಲ್ಲತ್ತೆ, ಅದು ನಿಜವಾದ ಫೋಲ್ಡರ್ ನೋಡತ್ತೆ, ಅಲ್ಲಿ ಇನ್‌ಸ್ಟಾಲ್ ಮಾಡಿದ ದಿನದ ಖಾಲಿ ಫೈಲು.

ಟಿಕ್ ತೆಗ್ದ ತಕ್ಷಣ ಬಿಲ್ಲು ವಾಪಸ್ ಬಂತು, ಮಾವನ ಬಿಪಿ ಇಳೀತು. ಶಾಶ್ವತವಾಗಿ ಸರಿ ಮಾಡಿದ್ದು ಹೀಗೆ. ಪ್ರೋಗ್ರಾಮ್ ಕ್ಲೋಸ್ ಮಾಡಿ ವರ್ಚುಯಲ್‌ಸ್ಟೋರ್ ಪೂರ್ತಿ ಪೆನ್‌ಡ್ರೈವಿಗೆ ಕಾಪಿ ತಗೊಂಡೆ (ಆಪ್‌ಡೇಟಾ ಕಾಣ್ಲಿಲ್ಲ ಅಂದ್ರೆ ವ್ಯೂ ಮೆನುವಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಿ). ಆಮೇಲೆ ಆ ಸಾಫ್ಟ್‌ವೇರ್ ಫೋಲ್ಡರ್ ಒಂದಕ್ಕೆ ಮಾತ್ರ ಪ್ರಾಪರ್ಟೀಸ್, ಸೆಕ್ಯೂರಿಟಿ, ಎಡಿಟ್‌ಗೆ ಹೋಗಿ ಯೂಸರ್ಸ್ ಅನ್ನೋ ಸಾಲಿಗೆ ಮಾಡಿಫೈ ಟಿಕ್ ಕೊಟ್ಟೆ, ವರ್ಚುಯಲ್‌ಸ್ಟೋರಲ್ಲಿದ್ದ ಡೇಟಾ ಫೈಲನ್ನ ಅಲ್ಲಿಗೆ ಮೂವ್ ಮಾಡಿದೆ. ಕಾಪಿ ಅಲ್ಲ, ಮೂವ್, ಯಾಕಂದ್ರೆ ಎರಡೂ ಕಡೆ ಇದ್ರೆ ಅದು ವರ್ಚುಯಲ್‌ಸ್ಟೋರ್‌ದನ್ನೇ ಮೊದ್ಲು ಓದತ್ತೆ. ಈಗ ಅಡ್ಮಿನ್ನೂ ಬೇಡ, ಬಾಕ್ಸೂ ಇಲ್ಲ. ಪ್ರಿಂಟ್ ಎರರ್ ಏನಾಗಿತ್ತು ಅಂದ್ರೆ ಕೇಬಲ್ ಸಡಿಲ ಆಗಿತ್ತು. ಅದನ್ನ ಮಾವ ಇವತ್ತಿಗೂ ಮದುವೆ ಮುಂಜೀಲೆಲ್ಲಾ ಹೇಳ್ತಾರೆ.

ಕನ್ನಡ ಟೈಪ್ ಮಾಡೋರಿಗೆ ಇದರದ್ದೇ ಇನ್ನೊಂದು ರೂಪ ಇದೆ. ಡಿಟಿಪಿ (ಕಂಪ್ಯೂಟರಲ್ಲಿ ಪುಟ ಜೋಡಿಸೋ ಕೆಲಸ) ಮಾಡೋ ಗೆಳೆಯರೊಬ್ಬರು ಅದಕ್ಕೆ ಉಪಯೋಗಿಸೋ ಪೇಜ್‌ಮೇಕರ್ ಸಾಫ್ಟ್‌ವೇರನ್ನ ರನ್ ಆಸ್ ಅಡ್ಮಿನ್ ಅಂತ ಇಟ್ಕೊಂಡಿದ್ರು, ನೋಟ್‌ಪ್ಯಾಡಲ್ಲಿ ಕನ್ನಡ ಬರತ್ತೆ, ಇದರಲ್ಲಿ ಮಾತ್ರ ಇಂಗ್ಲಿಷೇ ಬೀಳತ್ತೆ ಅಂತ ಗೋಳು. ಹಿಂದೆ ಕೂತು ಕೀಗಳನ್ನ ಹಿಡಿದು ಅಕ್ಷರ ಬದಲಾಯಿಸೋ ಟೈಪಿಂಗ್ ಸಾಫ್ಟ್‌ವೇರು ಮಾಮೂಲಿ ಅಧಿಕಾರದಲ್ಲಿ ಓಡ್ತಿರತ್ತೆ, ಅಡ್ಮಿನ್ ಆಗಿ ಓಡೋ ಕಿಟಕಿಗೆ ಹೋಗೋ ಕೀಗಳನ್ನ ಮುಟ್ಟೋಕೆ ವಿಂಡೋಸ್ ಅದನ್ನ ಬಿಡಲ್ಲ. ಬಿಡಲೂಬಾರ್ದು, ಬಿಟ್ರೆ ಪಾಸ್‌ವರ್ಡ್ ಕದಿಯೋ ಪ್ರೋಗ್ರಾಮೂ ಅದೇ ದಾರೀಲಿ ಬರತ್ತೆ. ಪೇಜ್‌ಮೇಕರ್ ಮೇಲಿನ ಅಡ್ಮಿನ್ ಟಿಕ್ ತೆಗ್ದ ಮೇಲೆ ಸರಿಹೋಯ್ತು. ವಿಂಡೋಸ್ ಜೊತೆಗೇ ಬರೋ ಇನ್‌ಸ್ಕ್ರಿಪ್ಟ್ ಕೀಬೋರ್ಡಿಗೆ ಈ ರಗಳೆ ಇಲ್ಲ. ಫೈಲನ್ನ ಎಳೆದು ತಂದು ಅಡ್ಮಿನ್ ಕಿಟಕೀಲಿ ಬಿಟ್ರೆ ಬೀಳಲ್ಲ ಅನ್ನೋದಕ್ಕೂ ಕಾರಣ ಇದೇನೆ.

ನಿಜವಾಗ್ಲೂ ಅಡ್ಮಿನ್ ಬೇಕಾಗಿರೋ, ದಿನಾ ಲಾಗಿನ್ ಆದ ತಕ್ಷಣ ಓಡ್ಬೇಕಾದ ಪ್ರೋಗ್ರಾಮ್ ಇದ್ರೆ (ಫ್ಯಾನ್ ಸ್ಪೀಡ್, ಟೆಂಪರೇಚರ್ ನೋಡೋ ತರದ್ದು) ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ (ಹೇಳಿದ ಹೊತ್ತಿಗೆ ಪ್ರೋಗ್ರಾಮನ್ನ ತಾನಾಗೇ ಓಡಿಸೋದು) ಉಪಯೋಗಿಸಿ. ಅದನ್ನ ರನ್ ಆಸ್ ಅಡ್ಮಿನ್ ಆಗಿ ಓಪನ್ ಮಾಡಿ, ಕ್ರಿಯೇಟ್ ಟಾಸ್ಕ್ ಒತ್ತಿ, ಹೆಸರು ಕೊಟ್ಟು ‘ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್’ ಟಿಕ್ ಮಾಡಿ, ಟ್ರಿಗರ್ಸಲ್ಲಿ ಅಟ್ ಲಾಗ್ ಆನ್, ಆಕ್ಷನ್ಸಲ್ಲಿ ಆ ಪ್ರೋಗ್ರಾಮ್ ಆರಿಸಿ. ಲ್ಯಾಪ್‌ಟಾಪ್ ಆದ್ರೆ ಕಂಡೀಷನ್ಸಲ್ಲಿ ಎಸಿ ಪವರ್ ಇದ್ರೆ ಮಾತ್ರ ಓಡು ಅನ್ನೋ ಟಿಕ್ ತೆಗೀರಿ, ಇಲ್ಲಾಂದ್ರೆ ಚಾರ್ಜರ್ ಹಾಕ್ದೇ ಇದ್ದ ದಿನ ಓಡಲ್ಲ, ಯಾಕೆ ಓಡ್ಲಿಲ್ಲ ಅಂತ ತಲೆ ಕೆರ್ಕೋಬೇಕು. ಇದು ಅಡ್ಮಿನ್ ಅಕೌಂಟಲ್ಲೇ ದಿನಾ ಕೂರೋರಿಗೆ ಮಾತ್ರ ಕೆಲ್ಸ ಮಾಡೋ ಉಪಾಯ, ಸ್ಟ್ಯಾಂಡರ್ಡ್ ಅಕೌಂಟಿಗೆ ಹೈಯೆಸ್ಟ್ ಅಂದ್ರೂ ಸ್ಟ್ಯಾಂಡರ್ಡೇ. ಯಾರೂ ಬಂದು ಬದಲಾಯಿಸೋಕಾಗದ ಪ್ರೋಗ್ರಾಮ್ ಫೈಲ್ಸ್ ಒಳಗಿನ ಪ್ರೋಗ್ರಾಮಿಗೆ ಮಾತ್ರ ಇದನ್ನ ಮಾಡಿ, ಡೌನ್‌ಲೋಡ್ಸ್ ಫೋಲ್ಡರಲ್ಲಿರೋದಕ್ಕೆ ಬೇಡ.

ಯುಎಸಿ ಅಲ್ಲದ ಬೇರೆ ಬಾಕ್ಸುಗಳು

‘ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ’ ಅಂತ ದೊಡ್ಡ ನೀಲಿ ಬಾಕ್ಸು ಬಂದ್ರೆ ಅದು ಸ್ಮಾರ್ಟ್‌ಸ್ಕ್ರೀನ್. ನೆಟ್‌ನಿಂದ ಇಳಿಸಿದ ಫೈಲಿಗೆ ಇದು ಹೊರಗಿಂದ ಬಂದಿದ್ದು ಅಂತ ಒಂದು ಗುರುತು ಅಂಟಿರತ್ತೆ, ಆ ಫೈಲು ಹೆಚ್ಚು ಜನಕ್ಕೆ ಪರಿಚಯ ಇಲ್ಲದ್ದಾದ್ರೆ ತಡೀತದೆ. ಮೋರ್ ಇನ್ಫೋ ಒತ್ತಿದ್ರೆ ರನ್ ಎನಿವೇ ಬರತ್ತೆ. ಇದಕ್ಕೆ ನನ್ನ ನಿಯಮ, ತಯಾರಿಸಿದವರ ಸ್ವಂತ ಸೈಟಿಂದ ನಾನೇ ಇಳಿಸಿದ್ರೆ ಸರಿ, ವಾಟ್ಸಾಪಲ್ಲಿ ಬಂದಿದ್ದು, ಟೆಲಿಗ್ರಾಮಲ್ಲಿ ಸಿಕ್ಕಿದ್ದು ಆದ್ರೆ ಡಿಲೀಟ್.

ಫೈರ್‌ವಾಲ್ (ನೆಟ್‌ವರ್ಕಿನ ಕಾವಲುಗಾರ) ಬಾಕ್ಸು ಪ್ರೈವೇಟ್, ಪಬ್ಲಿಕ್ ಅಂತೆಲ್ಲಾ ಕೇಳತ್ತೆ. ಇದು ಹೊರಗಿಂದ ಒಳಗೆ ಬರೋ ಕನೆಕ್ಷನ್ ಬಗ್ಗೆ ಮಾತ್ರ, ಕ್ಯಾನ್ಸಲ್ ಕೊಟ್ರೂ ಪ್ರೋಗ್ರಾಮಿಗೆ ಇಂಟರ್ನೆಟ್ ಸಿಗ್ತಾನೇ ಇರತ್ತೆ. ಆಯ್ಕೆ ಬೇರೆ ಬೇರೆ ಕೊಟ್ರೆ ಪ್ರೈವೇಟ್ ಮಾತ್ರ ಟಿಕ್ ಮಾಡಿ, ಪಬ್ಲಿಕ್ ಅಂದ್ರೆ ಬಸ್‌ಸ್ಟ್ಯಾಂಡು, ಹೋಟೆಲ್ ವೈಫೈ. ತಪ್ಪಾಗಿ ಕ್ಯಾನ್ಸಲ್ ಒತ್ತಿ ಆಮೇಲೆ ಪ್ರಿಂಟರ್ ಶೇರಿಂಗೋ, ಅಕ್ಕಪಕ್ಕ ಕೂತು ಆಡೋ ಗೇಮೋ ಕೆಲ್ಸ ಮಾಡ್ಲಿಲ್ಲ ಅಂದ್ರೆ ವಿಂಡೋಸ್ ಸೆಕ್ಯೂರಿಟಿ, ಫೈರ್‌ವಾಲ್, ‘ಅಲೋ ಆನ್ ಆಪ್ ಥ್ರೂ ಫೈರ್‌ವಾಲ್’ನಲ್ಲಿ ಹುಡುಕಿ ಟಿಕ್ ಮಾಡಬಹುದು.

ಕ್ಯಾಮೆರಾ, ಮೈಕ್ ಸೆಟ್ಟಿಂಗ್ಸಲ್ಲಿ ಪ್ರೈವೆಸಿ ಆಂಡ್ ಸೆಕ್ಯೂರಿಟಿ ಒಳಗಿದೆ. ಸ್ಟೋರ್‌ನಿಂದ ಬಂದ ಆಪ್‌ಗೆ ಒಂದೊಂದಕ್ಕೂ ಬೇರೆ ಸ್ವಿಚ್ ಇದೆ, ಮಾಮೂಲಿ ಡೆಸ್ಕ್‌ಟಾಪ್ ಪ್ರೋಗ್ರಾಮುಗಳಿಗೆಲ್ಲಾ ಸೇರಿ ಒಂದೇ ಸ್ವಿಚ್ಚು. ಕೊನೇ ಸಲ ಯಾವ ಪ್ರೋಗ್ರಾಮು ಯಾವಾಗ ಉಪಯೋಗಿಸ್ತು ಅಂತ ಅಲ್ಲೇ ಬರೆದಿರತ್ತೆ, ಆಗಾಗ ಕಣ್ಣಾಡಿಸಿ.

ಹಳೇ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಹಾಕಿ ಫೋಲ್ಡರ್ ತೆಗೆದಾಗ ‘ನಿಮಗೆ ಪರ್ಮಿಷನ್ ಇಲ್ಲ, ಕಂಟಿನ್ಯೂ ಒತ್ತಿ’ ಅನ್ನೋ ಅರ್ಥದ ಬಾಕ್ಸು ಬರತ್ತಲ್ಲ, ಅದು ಒಂದ್ಸಲದ ಪರ್ಮಿಷನ್ ಅಲ್ಲ, ಆ ಫೋಲ್ಡರಿಗೆ ನಿಮ್ಮ ಹೆಸರನ್ನ ಶಾಶ್ವತವಾಗಿ ಸೇರಿಸತ್ತೆ. ನಿಮ್ಮದೇ ಹಳೇ ಫೋಟೋ ಆದ್ರೆ ತೊಂದ್ರೆ ಇಲ್ಲ, ಮನೆಯವರ ಯೂಸರ್ ಫೋಲ್ಡರಿಗೆ ಕುತೂಹಲಕ್ಕೆ ಒತ್ಬೇಡಿ.

ಇವೆಲ್ಲಕ್ಕಿಂತ ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ನಿಮ್ಮ ಡಾಕ್ಯುಮೆಂಟ್ಸು, ಮಗುವಿನ ಫೋಟೋ, ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡು, ಇವನ್ನ ಮುಟ್ಟೋಕೆ ಯಾವ ಪ್ರೋಗ್ರಾಮಿಗೂ ಅಡ್ಮಿನ್ ಬೇಕಾಗಿಲ್ಲ. ಅಂದ್ರೆ ರಾನ್ಸಮ್‌ವೇರ್ (ಫೈಲಿಗೆ ಬೀಗ ಹಾಕಿ ದುಡ್ಡು ಕೇಳೋ ಪ್ರೋಗ್ರಾಮು) ಒಂದೂ ಬಾಕ್ಸು ತೋರಿಸ್ದೆ ನಿಮ್ಮ ಫೈಲೆಲ್ಲಾ ಬೀಗ ಹಾಕ್ಬಹುದು. ಅದಕ್ಕೆ ವಿಂಡೋಸ್ ಸೆಕ್ಯೂರಿಟಿ, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ರಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿ, ಡಿಫಾಲ್ಟಾಗಿ ಆಫ್ ಇರತ್ತೆ. ಮೊದಲ ವಾರ ಕೆಲವು ಒಳ್ಳೇ ಪ್ರೋಗ್ರಾಮನ್ನೂ ತಡೆದು ನೋಟಿಫಿಕೇಶನ್ ಕೊಡತ್ತೆ, ಅದೇ ಪುಟದಲ್ಲಿ ‘ಅಲೋ ಆನ್ ಆಪ್’ ಅಂತಿದೆ, ಗೊತ್ತಿರೋದನ್ನ ಒಂದೊಂದೇ ಸೇರಿಸ್ತಾ ಹೋಗಿ. ಜೊತೆಗೆ ಬೇರೆ ಡಿಸ್ಕಲ್ಲಿ ಬ್ಯಾಕಪ್ಪು ಇರ್ಲಿ.

ಫೋನಲ್ಲಿ ಯಾರೋ ‘ಯೆಸ್ ಒತ್ತಿ’ ಅಂದ್ರೆ

ಅಪ್ಪನ ಕಂಪ್ಯೂಟರನ್ನ ನಾನು ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಅನ್ನೋ ಪ್ರೋಗ್ರಾಮಲ್ಲಿ ದೂರದಿಂದ ನೋಡ್ತೀನಿ. ಯುಎಸಿ ಬಾಕ್ಸು ಬಂದ ತಕ್ಷಣ ನನ್ನ ಕಡೆ ಸ್ಕ್ರೀನ್ ಕಪ್ಪಾಗತ್ತೆ, ಅಲ್ಲಿ ಅಪ್ಪನೇ ಒತ್ಬೇಕು. ಮೋಸ ಮಾಡೋರಿಗೂ ಇದೇ ಅಡ್ಡಿ, ಅದಕ್ಕೇ ಅವರು ‘ಬ್ಯಾಂಕಿಂದ’, ‘ಮೈಕ್ರೋಸಾಫ್ಟಿಂದ’ ಅಂತ ಫೋನ್ ಮಾಡಿ, ಸ್ಕ್ರೀನ್ ಶೇರ್ ಮಾಡ್ಸಿ, ಈಗ ಒಂದು ಬಾಕ್ಸು ಬರತ್ತೆ ಯೆಸ್ ಒತ್ತಿ ಸಾರ್ ಅಂತ ನಯವಾಗಿ ಹೇಳೋದು. ನಿಮ್ಮ ಕಂಪ್ಯೂಟರಲ್ಲಿ ವೈರಸ್ ಇದೆ ಅಂತ ಮೈಕ್ರೋಸಾಫ್ಟ್ ತಾನಾಗಿ ಯಾರಿಗೂ ಫೋನ್ ಮಾಡಲ್ಲ. ಇತ್ತೀಚಿಗೆ ಇನ್ನೊಂದು ಶುರುವಾಗಿದೆ, ‘ನಾನು ರೋಬೋಟ್ ಅಲ್ಲ’ ಅನ್ನೋ ತರ ಪುಟ ಬಂದು, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಎಂಟರ್ ಅನ್ನತ್ತೆ. ನಿಮ್ಮ ಕೈಯಿಂದಲೇ ಅವರ ಕಮಾಂಡ್ ಓಡಿಸೋ ಉಪಾಯ ಅದು, ಯಾವ ಅಸಲಿ ಕ್ಯಾಪ್ಚಾನೂ ಹಾಗೆ ಕೇಳಲ್ಲ.

ಒತ್ತಿಬಿಟ್ಟಿದ್ರೆ? ಮೊದ್ಲು ವೈಫೈ ಆಫ್ ಮಾಡಿ, ಕೇಬಲ್ ಇದ್ರೆ ಕೀಳಿ. ದುಡ್ಡು ಹೋಗಿದ್ರೆ ಅಥವಾ ಬ್ಯಾಂಕ್ ವಿವರ ಕೊಟ್ಟಿದ್ರೆ ಕಂಪ್ಯೂಟರ್ ಆಮೇಲೆ ನೋಡ್ಕೊಳ್ಳಿ, ತಕ್ಷಣ ಬ್ಯಾಂಕಿಗೆ ಮತ್ತೆ 1930ಕ್ಕೆ (ಸೈಬರ್ ಮೋಸದ ಸಹಾಯವಾಣಿ) ಫೋನ್ ಮಾಡಿ, ಇದರಲ್ಲಿ ನಿಮಿಷ ನಿಮಿಷಕ್ಕೂ ಬೆಲೆ ಇದೆ. ಫೋನಿಂದ ಅಥವಾ ಬೇರೆ ಕಂಪ್ಯೂಟರಿಂದ ಇಮೇಲ್ ಪಾಸ್‌ವರ್ಡ್ ಮೊದ್ಲು, ಬ್ಯಾಂಕಿಂದು ಆಮೇಲೆ ಬದಲಾಯಿಸಿ, ಅದೇ ಕಂಪ್ಯೂಟರಲ್ಲಿ ಬದಲಾಯಿಸಿದ್ರೆ ಹೊಸದೂ ಅವರಿಗೇ ಹೋಗತ್ತೆ. ಸೆಟ್ಟಿಂಗ್ಸ್, ಆಪ್ಸ್‌ಗೆ ಹೋಗಿ ಇನ್‌ಸ್ಟಾಲ್ ಆದ ತಾರೀಖಿನ ಪ್ರಕಾರ ಜೋಡಿಸಿ ಇವತ್ತಿನದು ಏನೇನಿದೆ ನೋಡಿ ಕಿತ್ತಾಕಿ, ಸ್ಟಾರ್ಟ್‌ಅಪ್ ಲಿಸ್ಟೂ ನೋಡಿ. ಆಮೇಲೆ ವಿಂಡೋಸ್ ಸೆಕ್ಯೂರಿಟಿ, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಸ್ಕ್ಯಾನ್ ಆಪ್ಷನ್ಸಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ, ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತಗೊಳ್ಳತ್ತೆ. ಇಷ್ಟೆಲ್ಲಾ ಮಾಡಿದ್ರೂ, ಅಡ್ಮಿನ್ ಅಧಿಕಾರದಲ್ಲಿ ಏನೋ ಓಡಿದೆ ಅಂತ ಖಾತ್ರಿ ಇದ್ರೆ ನಾನಂತೂ ಆ ಕಂಪ್ಯೂಟರನ್ನ ನಂಬಲ್ಲ, ಬೇಕಾದ ಫೋಟೋ, ಡಾಕ್ಯುಮೆಂಟ್ ಮಾತ್ರ ತೆಗ್ದಿಟ್ಕೊಂಡು ಬೇರೆ ಕಂಪ್ಯೂಟರಲ್ಲಿ ಮಾಡಿದ ಪೆನ್‌ಡ್ರೈವಿಂದ ವಿಂಡೋಸ್ ಹೊಸದಾಗಿ ಹಾಕ್ತೀನಿ, ಹಾಕಿದ ತಕ್ಷಣ ಬೇರೇನೂ ಇನ್‌ಸ್ಟಾಲ್ ಮಾಡೋಕೆ ಮುಂಚೆ ಆ ಎರಡು ಅಕೌಂಟ್ ಕೆಲಸ ಮುಗಿಸ್ತೀನಿ.